ಬಿಹಾರಕ್ಕೆ ಹೋಗದ ಕೌದಿ

ಹಳಿಯಾಳದ ಪೇಟೆ ಓಣಿಯಲ್ಲಿ ಯಾವ ಒಳ್ಳೆಯ ಕೆಲಸ ನಡೆದರೂ ಶಿವಗಂಗವ್ವ ಮುಂದೆ ನಿಲ್ಲಬೇಕು. ನಿಲ್ಲಿ ಎಂದು ಯಾರೂ ಹೇಳುವ ಅಗತ್ಯವಿರಲಿಲ್ಲ, ಅದು ಬೇರೆ ಮಾತು. ಆ ವರ್ಷ ಸಂಕ್ರಾಂತಿಯ ಮರುದಿನ ಬಿಹಾರದಲ್ಲಿ ನೆಲ ನಡುಗಿ ಊರೂರೇ ಮಣ್ಣುಪಾಲಾದವು, ಉಳಿದವರು ಚಳಿಯಲ್ಲಿ ಬಯಲಲ್ಲಿ ಮಲಗುತ್ತಿದ್ದಾರೆ ಎಂಬ ಸುದ್ದಿ ಬಂದಾಗ ಆಕೆಯ ಕರುಳು ನಿಜವಾಗಿಯೂ ಚುರುಕ್ಕೆಂದಿತು. ಸೆರಗು ಸಿಕ್ಕಿಸಿಕೊಂಡು ಮನೆಮನೆ ತಿರುಗಿ ಕೌದಿ ಕೂಡಿಸಿದಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಕಿ ಹೊಲಿದ ಆ ಹೊದಿಕೆ ಯಾರ ಮನೆಯಲ್ಲಿ ಇಲ್ಲ? ಪಡಸಾಲೆ ತುಂಬಿಹೋಯಿತು.

ಕಟ್ಟಿಗೆ ಮಾರಲು ಸಂತೆಗೆ ಬರುತ್ತಿದ್ದ ಸೋಮಿಬಾಯಿಯೂ ಒಂದು ಕೌದಿ ತಂದಳು. ಆಕೆ ಮುಂಡಗೋಡ ದಾರಿಯ ಲಂಬಾಣಿ ತಾಂಡಾದವಳು. ಹಿಂದಿನ ಮಳೆಗಾಲದಲ್ಲಿ ಅವಳ ಮಗಳು ಲಾಲಿ ಜ್ವರ ಬಂದು ತೀರಿಹೋಗಿದ್ದಳು. ಆ ಕೂಸಿನ ಲಂಗ, ಕುಪ್ಪಸಗಳನ್ನೆಲ್ಲ ಕತ್ತರಿಸಿ ಜೋಡಿಸಿ ಹೊಲಿದ ಕೌದಿ ಅದು.

"ಇದನ್ನ ಒಂದು ಕೂಸಿಗೆ ಹೊಚ್ಚಾಕ ಹೇಳ್ರಿ ಅವ್ವಾರ. ಮನ್ಯಾಗ ಇದ್ರ ನನಗ ನಿದ್ದಿ ಹತ್ತೂದಿಲ್ಲ. ಅಲ್ಲೊಂದು ಕೂಸು ಬೆಚ್ಚಗ ಮಲಗೇತಿ ಅಂದ್ರ ನನ್ನ ಜೀವಕ್ಕ ಸಮಾಧಾನ ಆಕ್ಕೈತಿ."

ಶಿವಗಂಗವ್ವ ಎರಡೂ ಕೈಯಿಂದ ಇಸಿದುಕೊಂಡಳು. ಕಣ್ಣು ಒದ್ದೆಯಾಯಿತು. ಅದೇನೂ ನಾಟಕವಲ್ಲ. ಆದರೆ ಸೋಮಿಬಾಯಿ ಅತ್ತ ಹೋದದ್ದೇ ತಡ, ಕೌದಿಯನ್ನು ಹಿತ್ತಲ ಬಾಗಿಲ ಹತ್ತಿರ ಬೇರೆ ಇಟ್ಟಳು. ಓಣಿಯವರ ಕೌದಿಗಳ ನಡುವೆ ತಾಂಡಾದ್ದು ಸೇರಿದರೆ ನಾಳೆ ಯಾರು ಏನೆಂದಾರೋ! ನಿಜ ಹೇಳಬೇಕೆಂದರೆ ಯಾರೂ ಏನೂ ಅಂದಿರಲಿಲ್ಲ. ಅಂದದ್ದು ಆಕೆಯ ಮನಸ್ಸೇ.

"ಹೊಗಿ ವಾಸನಿ ಐತಿ, ಒಮ್ಮೆ ಒಗದು ಹಾಕ್ತೇನಿ," ಎಂದು ಗಾಡಿಯ ಉಳವಪ್ಪನಿಗೆ ಹೇಳಿದಳು. ಸೂರು ತಲೆಯ ಮೇಲೆ ಬಿದ್ದವರು ಹೊಗೆ ವಾಸನೆ ನೋಡುತ್ತ ಕೂಡುತ್ತಾರೆಯೇ?

ಗಾಡಿ ಅಳ್ನಾವರ ಸ್ಟೇಶನ್ನಿಗೆ ಹೊರಡುವುದು ಮಂಗಳವಾರ ಎಂದಿತ್ತು. ಆಕೆ ರವಿವಾರ ಬೆಳಿಗ್ಗೆ ಕೌದಿ ಒಗೆದು ಗೋಡೆಯ ಮೇಲೆ ಹರವಿದಳು. ಮಧ್ಯಾಹ್ನ ಸುದ್ದಿ ಬಂತು, ರೈಲಿನ ಸಾಮಾನಿನ ಡಬ್ಬಿ ಸೋಮವಾರ ಸಂಜೆಯೇ ಹೋಗುತ್ತದಂತೆ. ಸೋಮವಾರ ಬಸವಣ್ಣನ ವಾರ, ಅಂದು ಲಿಂಗವಂತರು ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಉಳವಪ್ಪ ಆಗಿಂದಾಗಲೇ ಗಾಡಿ ಹೂಡಿದ. ನೀರು ಕುಡಿದ ಕೌದಿ ಇನ್ನೂ ತೊಟ್ಟಿಕ್ಕುತ್ತಿತ್ತು. ಹಸಿಯದನ್ನು ಹಾಕಿದರೆ ಉಳಿದವೂ ಮುಗ್ಗುತ್ತವೆ ಎಂದು ಅವನು ಬಿಟ್ಟೇ ಹೋದ.

ಮುಂದಿನ ಸಂತೆಗೆ ಸೋಮಿಬಾಯಿ ಕಟ್ಟಿಗೆ ಇಳಿಸುವ ಮೊದಲೇ ಕೇಳಿದಳು, "ಮುಟ್ಟಿತೇನ್ರಿ ಅವ್ವಾರ?"

"ಮುಟ್ಟೇತಿ," ಎಂದಳು ಶಿವಗಂಗವ್ವ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. "ಒಂದು ಹೆಣ್ಣಕೂಸು ಹೊಚಗೊಂಡು ಮಲಗೇತಂತ," ಎಂದೂ ಸೇರಿಸಿದಳು. ಸೋಮಿಬಾಯಿ ಆ ಮಾತನ್ನು ತಾಂಡಾದ ತುಂಬ ಹೇಳಿಕೊಂಡು ತಿರುಗಿದಳು. ಶಿವಗಂಗವ್ವ ಒಣಗಿದ ಕೌದಿಯನ್ನು ಅಟ್ಟಕ್ಕೆ ಹಾಕಿದ್ದಳು. ಅದನ್ನು ತಾನೂ ಹೊದೆಯಲಿಲ್ಲ, ಯಾರಿಗೂ ಕೊಡಲಿಲ್ಲ.

ಮರುವರ್ಷ ಬೇಸಿಗೆಯ ಕೊನೆಗೆ ಕ್ವೆಟ್ಟಾದಲ್ಲಿ ಭೂಕಂಪವಾಯಿತು, ಓಣಿಯಲ್ಲಿ ಮತ್ತೆ ಕೌದಿ ಕೂಡಿದವು. ಈ ಸಲವಾದರೂ ಪಾಪ ಕಳೆದುಕೊಳ್ಳೋಣವೆಂದು ಆಕೆ ಆ ಕೌದಿಯನ್ನು ಎಲ್ಲಕ್ಕಿಂತ ಮೊದಲು, ಗಂಟಿನ ನಡುವೆ ಇಟ್ಟು ಕಟ್ಟಿದಳು. ಗಾಡಿ ಹೇರುವ ಹೊತ್ತಿಗೆ ಸೋಮಿಬಾಯಿ ಬಂದಳು. ಕೊಡಲು ಏನೂ ಇಲ್ಲ, ಕೈಯಾದರೂ ಹಚ್ಚುತ್ತೇನೆಂದು ಬಂದವಳು. ಅವಳು ಎತ್ತಿದ ಗಂಟೇ ಬಿಚ್ಚಿತು.

ಮಗಳ ಲಂಗದ ಅರಿವೆಯನ್ನು ತಾಯಿಗೆ ಯಾರು ಗುರುತು ಹೇಳಿಕೊಡಬೇಕು? ಸೋಮಿಬಾಯಿ ಅದನ್ನು ಕೈಗೆತ್ತಿಕೊಂಡಳು.

"ಹೊಳ್ಳಿ ಕಳಿಸಿದ್ರೇನ್ರಿ ಅವ್ವಾರ ಬಿಹಾರದವರು? ಆಮ್ಯಾಲ ತಾಂಡಾದ್ದು ಅಂತ ಗೊತ್ತಾತೇನು?"

ಶಿವಗಂಗವ್ವನ ಬಾಯಿಗೆ ಬಂದಿತ್ತು, ಅವರಲ್ಲ, ನಾನು, ಎಂದು. ಸುತ್ತ ಓಣಿಯ ಹೆಂಗಸರೆಲ್ಲ ಇದ್ದರು.

"ಹೂಂ," ಎಂದಳು.

ಯಾವ ತಪ್ಪೂ ಮಾಡದೆ ಮನೆ ಮಠ ಕಳೆದುಕೊಂಡ ಆ ಜನರ ತಲೆಗೆ ಇದನ್ನೂ ಕಟ್ಟಿದಳು. ಸೋಮಿಬಾಯಿ ಕೌದಿಯನ್ನು ಮಡಚಿ ಎದೆಗೆ ಒತ್ತಿಕೊಂಡಳು.

"ಬಯಲಾಗ ಬಿದ್ದಿದ್ರೂ ನಮ್ಮದು ಬ್ಯಾಡಾತಲ್ರಿ ಅವರಿಗೆ. ಇರ್ಲಿ ಬಿಡ್ರಿ. ನೀವಾರ ಎರಡೂ ಕೈಲೆ ಇಸಗೊಂಡಿದ್ರಿ. ಅದನ್ನ ಮರಿಯೂದಿಲ್ಲ ನಾನು."

ಹೊರಟವಳನ್ನು ಶಿವಗಂಗವ್ವ ಕೂಗಿದಳು. ಈಗ ಹೇಳಿಬಿಡಬೇಕು. ಸೋಮಿಬಾಯಿ ತಿರುಗಿ, ಅಂಗಳ ದಾಟಿ, ಕಟ್ಟೆಯ ಕೆಳಗೆ ಬಂದು ನಿಂತಳು.

"ಬಿಸಲಾಗ ಹೊಂಟೀ. ಒಂದೀಟು ನೀರು ಕುಡದು ಹೋಗು," ಎಂದಳು ಶಿವಗಂಗವ್ವ.

ಸೋಮಿಬಾಯಿ ಕೌದಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಾಗಿ ಬೊಗಸೆ ಒಡ್ಡಿದಳು. ಶಿವಗಂಗವ್ವ ಕಟ್ಟೆಯ ಮೇಲೆಯೇ ನಿಂತು, ತಂಬಿಗೆ ಆ ಕೈಗೆ ತಾಗದಷ್ಟು ಎತ್ತರದಿಂದ ನೀರು ಹೊಯ್ದಳು.