ಪಬ್ಲಿಕ್ಕು ಹೋದ ದಿನ

"ಸ್ವಲ್ಪ ನಿಂತ್ಕೊಂಡೇ ಅಳ್ತೀರಾ, ಅಜ್ಜಿ? ಈ ಕುರ್ಚಿ ಬೇಕಾಗಿತ್ತು," ಎನ್ನುತ್ತಾ ಸಭಾಭವನದ ಗುಮಾಸ್ತ ಮುದುಕಿಯೊಬ್ಬಳ ಕುರ್ಚಿಯ ಬೆನ್ನಿಗೆ ಕೈಹಾಕಿದ.

ಮುದುಕಿ ಏಳಲಿಲ್ಲ. ಅಳುವುದನ್ನು ಮಾತ್ರ ನಿಲ್ಲಿಸಿದಳು.

"ಯಾಕೋ, ನಿಮ್ಮಪ್ಪನ ಮನೆಯಿಂದ ತಂದಿದ್ದಾ ಕುರ್ಚಿ?" ಒಳಗಿನಿಂದ ಸತ್ತವನ ತಂಗಿಯ ದನಿ ಬಂತು. ಬೆಳಗಿನಿಂದ ಅತ್ತರೂ ಅವಳ ಗಂಟಲಿಗೆ ಏನೂ ಆಗಿರಲಿಲ್ಲ.

"ನಮ್ಮಪ್ಪನ ಮನೇದಲ್ಲಕ್ಕಾ, ಸರ್ಕಾರದ್ದು. ಅದೇ ಬಂದಿರೋ ತಾಪತ್ರಯ."

ಊರಿನಲ್ಲಿ ಕುರ್ಚಿಗಳದ್ದು ಒಂದೇ ಸೆಟ್ಟು, ನೀಲಿ ಪ್ಲಾಸ್ಟಿಕ್ಕಿನವು. ಮದುವೆಗೂ ಅವೇ, ಸಾವಿಗೂ ಅವೇ, ಸರ್ಕಾರಕ್ಕೂ ಅವೇ. ಕೈಗಾಡಿ ಹತ್ತಿ, ಜನ ಎಲ್ಲಿ ಕೂರಬೇಕೋ ಅಲ್ಲಿಗೆ ಹೋಗಿ, ಕೆಲಸ ಮುಗಿದ ಮೇಲೆ ಸಭಾಭವನಕ್ಕೆ ಮರಳಿ, ಒಂದರ ಮಡಿಲಲ್ಲಿ ಒಂದು ಕೂತು ನಿದ್ದೆಹೋಗುತ್ತಿದ್ದವು. ಸಾವು ಮತ್ತು ಸರ್ಕಾರ ಒಂದೇ ದಿನ ಬರಬಹುದೆಂದು ಯಾರೂ ಎಣಿಸಿರಲಿಲ್ಲ. ಎರಡೂ ಹೇಳಿದ ದಿನ ಬರುವಂಥವಲ್ಲ ಎಂಬ ಧೈರ್ಯ ಊರಿಗಿತ್ತು.

ಸತ್ತದ್ದು ಊರಿಗೆಲ್ಲ ಹಾಸಿಗೆ ಹೊಲಿಯುತ್ತಿದ್ದ ಹಾಸಿಗೆಯವ. ಅವನ ಹೆಂಡತಿ ಇದನ್ನೆಲ್ಲ ಕಿವಿಗೆ ಹತ್ತಿ ಇಟ್ಟುಕೊಂಡವಳಂತೆ ಕೇಳುತ್ತಾ ಗಂಡನ ತಲೆಯ ಬಳಿ ಕೂತಿದ್ದಳು. ಅಂಗಳಕ್ಕೆ ತೆರೆದ ಮುಂದಿನ ಕೋಣೆಯೇ ಅಂಗಡಿ. ಹೋದ ವಾರ ಹಿಂಜಿದ ಹತ್ತಿಯ ನವಿರು ಇನ್ನೂ ಕೋಣೆಯಲ್ಲಿತ್ತು. ಯಾರಾದರೂ ಗೋಳೋ ಎಂದರೆ ಮೇಲೇಳುತ್ತಿತ್ತು; ಅಳು ಇಳಿದರೆ ತಾನೂ ಮೆಲ್ಲಗೆ ಇಳಿದು ಸತ್ತವನ ಹುಬ್ಬಿನ ಮೇಲೆ, ಬಂದವರ ಭುಜದ ಮೇಲೆ ಕೂರುತ್ತಿತ್ತು. ಕಿಟಕಿಯ ಬಿಸಿಲಿನಲ್ಲಿ ಎಲ್ಲರೂ ನೀರಿನೊಳಗೆ ಓಡಾಡುತ್ತಿರುವವರ ಹಾಗೆ ಕಾಣುತ್ತಿದ್ದರು.

ಅವನು ಉದ್ದ ಆಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಯಾರಾದರೂ ಬುದ್ಧಿ ಹೇಳಿದರೆ, "ಅದು ಹಾಸಿಗೆ ಕೊಳ್ಳೋರ ಮಾತು. ನಾನು ಹೊಲಿಯೋನು. ಕಾಲು ಎಷ್ಟುದ್ದ ಅಂತ ಹೇಳಿ, ಅಷ್ಟು ಹೊಲೀತೀನಿ," ಎನ್ನುತ್ತಿದ್ದ. ಈಗ ತಾನೇ ಹೊಲಿದ ಹಾಸಿಗೆಯ ಮೇಲೆ, ಹಿಮ್ಮಡಿ ಸರಿಯಾಗಿ ಅಂಚಿಗೆ ಬರುವಂತೆ ಮಲಗಿದ್ದ. ಮೈಮೇಲೊಂದು ಬಿಳಿ ಬಟ್ಟೆ, ಅದರ ಮೇಲೆ ಅಂಗಡಿಯದೇ ದಪ್ಪನೆಯ ಪಟ್ಟೆ ಬಟ್ಟೆ. ಹಾಸಿಗೆಗೆ ಕತ್ತರಿಸುವ ಮೊದಲಿನ ಇಡೀ ಥಾನು. ಅದನ್ನು ಹೊದಿಸಿದ್ದು ಅವಳೇ. ಬಿಳಿಯೊಂದರಲ್ಲೇ ಅವನು ಯಾರೋ ಬೇರೆಯವರಂತೆ ಕಾಣುತ್ತಿದ್ದ.

"ಪಬ್ಲಿಕ್ಕು ಇಷ್ಟು ಬೇಗ ಹೋಗ್ಬಿಡ್ತಾರೆ ಅಂದ್ಕೊಂಡಿರ್ಲಿಲ್ಲ," ಎಂದಿತು ಹೊರಗಿನ ಒಂದು ದನಿ.

"ಪಬ್ಲಿಕ್ಕೇ ಹೋದ್ಮೇಲೆ ಇನ್ನೇನಿದೆ ಬಿಡು," ಎಂದಿತು ಇನ್ನೊಂದು.

*

ಆ ಹೆಸರು ಬಂದದ್ದು ಒಂದು ದಿಂಬಿನಿಂದ.

ಪಂಚಾಯ್ತಿ ಅಧ್ಯಕ್ಷರಿಗೆ ಬೆನ್ನುನೋವು. ಅವರ ಕುರ್ಚಿಗೊಂದು ದಿಂಬು ಹೊಲಿದುಕೊಂಡು ಹಾಸಿಗೆಯವ ಸಭಾಭವನಕ್ಕೆ ಹೋದ. ಒಳಗೆ ತಂಪಾಗಿತ್ತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿರುವಾಗಲೇ ಅಭಿಪ್ರಾಯ ಸಭೆ ಶುರುವಾಗಿಬಿಟ್ಟಿತು. ಊರಿಗೆ ಬರುವ ಸರ್ಕಾರದ ಹಣ ಯಾತಕ್ಕೆ ಖರ್ಚಾಗಬೇಕೆಂದು ಊರಿನವರನ್ನೇ ಕೇಳುವ ಸಭೆ ಅದು. ಕೇಳುವುದಕ್ಕೆ ಪಟ್ಟಣದಿಂದ ಅಧಿಕಾರಿ ಬರುತ್ತಿದ್ದರು. ಹೇಳುವುದಕ್ಕೆ ಯಾರೂ ಬರುತ್ತಿರಲಿಲ್ಲ.

"ಸಾರ್ವಜನಿಕರಿಂದ ಏನಾದರೂ ಅಭಿಪ್ರಾಯ?" ಎಂದು ಅಧಿಕಾರಿ ಗೋಡೆಯನ್ನು ಕೇಳಿದರು.

ಹಾಸಿಗೆಯವ ಹಿಂದಕ್ಕೆ ತಿರುಗಿ ನೋಡಿದ. ಸಾರ್ವಜನಿಕರು ಯಾರೂ ಕಾಣಲಿಲ್ಲ. ಕೇಳಿದವರಿಗೆ ಉತ್ತರ ಕೊಡದೆ ಕೂರುವುದು ಮರ್ಯಾದೆಯಲ್ಲವೆಂದು ಎದ್ದು ನಿಂತ. ಕೆರೆಯ ಮೆಟ್ಟಿಲು ಪಾಚಿಗಟ್ಟಿದೆ, ಜಾರುತ್ತೆ ಎಂದ. ಯಾರದೋ ಹಾಸಿಗೆ ರಿಪೇರಿಗೆ ಬಂದಾಗ ಅವರ ಸೊಂಟ ಉಳುಕಿದ ಕತೆಯೂ ಜೊತೆಗೆ ಬಂದಿತ್ತು. "ಸಾರ್ವಜನಿಕರು ಹಾಜರಿದ್ದರು, ಮಾತನಾಡಿದರು," ಎಂದು ಗುಮಾಸ್ತ ಬರೆದುಕೊಂಡ. ಅಂದಿನಿಂದ ಹಾಸಿಗೆಯವ ಪಬ್ಲಿಕ್ಕು. ಪ್ರತಿ ಸಭೆಗೂ ಗುಮಾಸ್ತ ಅವನ ಮನೆಗೇ ಬಂದು, "ಪಬ್ಲಿಕ್ಕೇ, ಹೊರಡಿ," ಎಂದು ಕರೆದೊಯ್ಯುತ್ತಿದ್ದ. ಕಿಟಕಿ ಪಕ್ಕದ ಕುರ್ಚಿ ಅವನದಾಯಿತು.

ಊರವರಿಗೂ ಅನುಕೂಲವೇ ಆಯಿತು. ಹಾಸಿಗೆ ಹಿಂಜಿಸಲು ತಂದವರು ನಿದ್ದೆ ಬಾರದ ಕಾರಣವನ್ನೂ ತಂದು ಅಂಗಡಿಯಲ್ಲಿ ಬಿಟ್ಟುಹೋಗುತ್ತಿದ್ದರು. ಅವನು ಹತ್ತಿಯ ಗಂಟು ಬಿಡಿಸುತ್ತಾ ಹೂಂ ಎನ್ನುತ್ತಿದ್ದ. ಮುಂದಿನ ಸಭೆಯಲ್ಲಿ ಅದನ್ನು ಎದ್ದು ಹೇಳುತ್ತಿದ್ದ. ಕೆಲವು ಆಗುತ್ತಿದ್ದವು. ಕೆರೆಯ ಮೆಟ್ಟಿಲಿಗೆ ಕಂಬಿ ಬಂದದ್ದು ಹಾಗೆ.

*

"ಅತ್ತಿಗೆ, ಒಂದು ಗುಟುಕಾದ್ರೂ ನೀರು ಕುಡಿ," ನಾದಿನಿ ತುಂಬಿದ ಚೊಂಬು ಹಿಡಿದು ಬಂದಳು. "ಬೆಳಗ್ಗಿಂದ ಬಾಯಿಗೆ ಹನಿ ಹಾಕಿಲ್ಲ."

"ಬೇಡ. ಇನ್ನು ಸ್ವಲ್ಪ ಹೊತ್ತಿಗೆ ಹೊರಡಬೇಕಲ್ಲ."

"ಹೊರಡೋಕೂ ನೀರಿಗೂ ಏನು ಸಂಬಂಧ?"

ಹೂಳುವ ಜಾಗ ಸಂತೆಮಾಳದ ಆಚೆ, ದಿಬ್ಬದ ಮೇಲೆ. ಹೋಗಿ ಬರುವಷ್ಟರಲ್ಲಿ ಹೊತ್ತು ಇಳಿಯುತ್ತದೆ. ದಾರಿಯುದ್ದಕ್ಕೂ ಬಯಲು, ಒಂದು ಪೊದೆಯ ಮರೆಯೂ ಇಲ್ಲ. ಹೊರಗೆ ಹೊರಡುವ ದಿನ ನೀರು ಮುಟ್ಟಬಾರದು ಎಂಬುದು ಅವಳ ಮೈಗೆ ಎಷ್ಟು ಹತ್ತಿಹೋಗಿತ್ತೆಂದರೆ, ಗಂಡ ಸತ್ತ ದಿನವೂ ಮೈ ಅದನ್ನು ಮರೆತಿರಲಿಲ್ಲ. ನಾದಿನಿ ಚೊಂಬನ್ನು ಪಕ್ಕದಲ್ಲಿಟ್ಟು ಹೋದಳು. ನೀರಿನ ಮೇಲೊಂದು ಹತ್ತಿಯ ಎಳೆ ಇಳಿದು ತೇಲತೊಡಗಿತು.

*

ಸಂತೆಯಲ್ಲಿ ದಿಂಬು ಮಾರುತ್ತಿದ್ದವಳು ಅವಳೇ. ಬೆಳಗಿನಿಂದ ಕತ್ತಲಾಗುವವರೆಗೆ ಗೋಣಿ ಹಾಸಿ ಕೂರಬೇಕು. ಗಂಡಸರಿಗೆ ಲೋಕವೆಲ್ಲ ಗೋಡೆ. ಹೆಂಗಸರಿಗೆ ಒಂದಕ್ಕೆ ಕೂರಲು ಒಂದು ಮರೆಯೂ ಇರಲಿಲ್ಲ. ಒಮ್ಮೆ ಮನೆಗೆ ಬಂದವಳು ಹೊಟ್ಟೆ ಹಿಡಿದುಕೊಂಡು ಮಲಗಿದಾಗ, ಅವನು ಪೀಡಿಸಿ ಪೀಡಿಸಿ ಕಾರಣ ಕೇಳಿದ. ಹೇಳಿದಳು. ಹೂಂ ಎಂದ.

ಮುಂದಿನ ಸಭೆಯಲ್ಲಿ ಎದ್ದು ನಿಂತು, "ನನ್ನ ಹೆಂಡತಿ ಸಂತೆ ದಿನ ನೀರು ಕುಡಿಯಲ್ಲ. ಅವಳಿಗೆ ಏನಾದ್ರೂ ಮಾಡಿ," ಎಂದುಬಿಟ್ಟ.

ಅಂದು ಸಭೆಯಲ್ಲಿ ನಾಲ್ಕು ಜನ ಹೆಚ್ಚಿಗೆ ಇದ್ದದ್ದು ಅವಳ ಗ್ರಹಚಾರ. ನಗು ಸಭಾಭವನ ದಾಟಿ, ಬೀದಿ ಸುತ್ತಿ, ಅವಳಿಗಿಂತ ಮೊದಲು ಸಂತೆ ತಲುಪಿತ್ತು. "ಸರ್ಕಾರದ ಪತ್ರದಲ್ಲಿ ಬಂದಿದೆಯಂತಲ್ಲ ನಿನ್ನ ಸಮಾಚಾರ," ಎಂದು ಬಳೆಯಂಗಡಿಯವಳೇ ಕೇಳಿದಳು. ಅವಳೂ ನೀರು ಕುಡಿಯದವಳೇ. ಆದರೂ ನಕ್ಕಳು.

ಆ ರಾತ್ರಿ ಅವಳು ಹಾಸಿಗೆಯ ನಡುವೆ ಉದ್ದಕ್ಕೂ ದಿಂಬು ಜೋಡಿಸಿದಳು. ಗೋಡೆ ಕಟ್ಟುವಷ್ಟು ದಿಂಬಿಗೆ ಆ ಮನೆಯಲ್ಲಿ ಬರವಿರಲಿಲ್ಲ.

"ನಿಮ್ಮ ಬಾಯಿಗೆ ಸೂಜಿ ಹಾಕಿ ಹೊಲೀಬೇಕು," ಎಂದಳು ಗೋಡೆಯ ಈಚೆಯಿಂದ. "ಇನ್ನೊಂದು ಸಲ ನನ್ನ ವಿಷಯ ಅಲ್ಲಿ ಎತ್ತಿದ್ರೆ ನಾನು ಈ ಮನೇಲಿರಲ್ಲ."

"ಆಯ್ತು. ನಿನ್ನ ಹೆಸರು ಎತ್ತಲ್ಲ," ಎಂದಿತು ಆಚೆಯ ದನಿ.

ದಿಂಬುಗಳು ಕೆಲವು ತಿಂಗಳಲ್ಲಿ ಒಂದೊಂದಾಗಿ ಸಂತೆಯಲ್ಲಿ ಮಾರಿಹೋದವು. ಅವಳು ಮಾತ್ರ ಸಭೆಯಲ್ಲಿ ಏನಾಯಿತೆಂದು ಮತ್ತೆಂದೂ ಕೇಳಲಿಲ್ಲ. ಅವನೂ ಹೇಳಲಿಲ್ಲ.

*

ಗುಮಾಸ್ತ ಅವಳ ಬಳಿ ಕುಕ್ಕರಗಾಲಲ್ಲಿ ಕೂತ.

"ಅಕ್ಕಾ, ತಪ್ಪು ತಿಳ್ಕೋಬೇಡಿ. ಸರ್ಕಾರದ ವರ್ಷ ಇವತ್ತಿಗೆ ಮುಗಿಯುತ್ತೆ. ಸಭೆ ಇವತ್ತೇ ನಡೀಬೇಕು, ಇಲ್ಲಾಂದ್ರೆ ಊರಿನ ಪಾಲು ವಾಪಸ್ಸು. ಸಾವನ್ನಾದ್ರೂ ಒಂದಿನ ಮುಂದೆ ಹಾಕ್ಬಹುದು, ಇದನ್ನ..." ಎಂದವನು ನಾಲಿಗೆ ಕಚ್ಚಿಕೊಂಡ.

"ಯಾತಕ್ಕಂತೆ ಈ ಸಲದ ದುಡ್ಡು?" ನಾದಿನಿ ಕೇಳಿದಳು.

"ಕಮಾನಿಗೆ. ಸಂತೆಮಾಳದ ಮೂಲೇಲಿ. ಮೇಲೆ ಸುಸ್ವಾಗತ, ಕೆಳಗೆ ಅಧ್ಯಕ್ಷರ ಹೆಸರು. ಗೂಟಾನೂ ಹೊಡೆದಾಗಿದೆ."

"ಈ ಊರಿಗೆ ಬರೋರು ಯಾರೋ, ಸ್ವಾಗತ ಮಾಡೋಕೆ?"

"ಅದನ್ನ ಸಭೇಲಿ ಎದ್ದು ಕೇಳ್ಬೇಕಕ್ಕಾ. ಸಾರ್ವಜನಿಕರಲ್ಲಿ ಒಬ್ರಾದ್ರೂ ಬೇರೆ ಏನಾದ್ರೂ ಕೇಳಿದ್ರೆ ಸಾಹೇಬ್ರು ನೋಡ್ಲೇಬೇಕು. ಯಾರೂ ಬಾಯಿ ಬಿಡದಿದ್ರೆ ಕಮಾನು ಪಾಸು. ಪಾಪ, ಇವ್ರೊಬ್ರು ಬಿಡದೆ ಅದೇ ಕೇಳ್ತಿದ್ರು."

"ಅದೇ ಅಂದ್ರೆ?" ಎಂದಳು ಹೆಂಡತಿ. ಬೆಳಗಿನಿಂದ ಅವಳಾಗಿ ಆಡಿದ ಮೊದಲ ಮಾತು.

ಗುಮಾಸ್ತ ಅವಳ ಮುಖ ನೋಡಿದ. "ನಿಮಗೆ ಗೊತ್ತಿಲ್ವಾ? ಪ್ರತಿ ಸಭೇಲೂ ಕೊನೇಗೆ ಏಳ್ತಿದ್ರು. 'ಊರಲ್ಲಿ ಒಬ್ರು ಸಂತೆ ದಿನ ನೀರು ಕುಡಿಯಲ್ಲ, ಅವರಿಗೆ ಏನಾದ್ರೂ ಮಾಡಿ' ಅಂತ. ಮೊದಲ ಸಲ ಬಿಟ್ರೆ ಹೆಂಡತಿ ಅಂತ ಎಂದೂ ಹೇಳ್ಲಿಲ್ಲ. ಒಬ್ರು ಅನ್ನೋರು, ಅಷ್ಟೆ. ಯಾರು ಅಂತ ಸಾಹೇಬ್ರು ಕೇಳಿದ್ರೂ ಬಾಯಿ ಬಿಡ್ತಿರ್ಲಿಲ್ಲ. 'ಒಬ್ರಿಗೋಸ್ಕರ ಕಟ್ಟೋಕಾಗಲ್ಲ' ಅಂತ ಸಾಹೇಬ್ರು. 'ಸರಿ, ಮುಂದಿನ ಸಲ ಕೇಳ್ತೀನಿ' ಅಂತ ಇವ್ರು. ಇಬ್ಬರಿಗೂ ಬಾಯಿಪಾಠ ಆಗ್ಹೋಗಿತ್ತು."

ಕೋಣೆಯಲ್ಲಿದ್ದ ಹೆಂಗಸರೆಲ್ಲ ನೆಲ ನೋಡತೊಡಗಿದರು. ಎಲ್ಲರ ಮೈಮೇಲೂ ಹತ್ತಿ ಕೂತಿತ್ತು. ಅಷ್ಟು ಹೊತ್ತು ಯಾರೂ ಅಲುಗಾಡಿರಲಿಲ್ಲ.

ಹೊರಗೆ ಜೀಪು ನಿಂತ ಸದ್ದಾಯಿತು.

ಕುರ್ಚಿಗಳು ಸಭೆಗೆ ಬಾರದ ಕಾರಣ ಸಭೆಯೇ ಕುರ್ಚಿಗಳಿದ್ದಲ್ಲಿಗೆ ಬಂತು. ಈಗಿನ ಅಧಿಕಾರಿ ಇನ್ನೂ ಮೀಸೆ ಬಲಿಯದ ಮನುಷ್ಯ. ಅಂಗಳದಲ್ಲಿ ಚಪ್ಪಲಿ ಬಿಟ್ಟು, ಹೆಣಕ್ಕೆ ಕೈಮುಗಿದು, ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತ. ಅಧ್ಯಕ್ಷರು ಬೆನ್ನು ಹಿಡಿದುಕೊಂಡು ಬಂದು, "ಬೇಗ ಮುಗಿಸಿಬಿಡೋಣ ಸಾರ್, ದುಃಖದ ಮನೆ," ಎಂದು ಪಿಸುಗುಟ್ಟಿದರು. ಅವರ ಕಂಕುಳಲ್ಲಿ ಆ ಹಳೆಯ ದಿಂಬು ಇತ್ತು. ಊರಿಗೆ ಊರೇ ಅಂಗಳದಲ್ಲಿತ್ತು. ಅಭಿಪ್ರಾಯ ಸಭೆಗೆ ಅಷ್ಟು ಜನ ಸೇರಿದ್ದನ್ನು ಸರ್ಕಾರ ಕಂಡದ್ದು ಅದೇ ಮೊದಲು.

ಕಮಾನಿನ ವಿಷಯ ಓದಿದ್ದಾಯಿತು. ಅಧಿಕಾರಿ ಗಂಟಲು ಸರಿಪಡಿಸಿಕೊಂಡು, "ಸಾರ್ವಜನಿಕರಿಂದ ಏನಾದರೂ..." ಎಂದ.

ಇಡೀ ಅಂಗಳ, ರೂಢಿಯ ಬಲದಿಂದ, ಹಾಸಿಗೆಯ ಮೇಲೆ ಮಲಗಿದ್ದವನ ಕಡೆಗೆ ತಿರುಗಿತು. ಅವನು ಏಳಲಿಲ್ಲ. ಒಂದು ಗಳಿಗೆ ಎಲ್ಲರೂ ಕಾದರು, ನಿಜವಾಗಿಯೂ ಕಾದರು.

ಹೆಂಡತಿ ಎದ್ದಳು. ಎದ್ದದ್ದು ತಾನೇ ಎಂದು ಅವಳಿಗೆ ತಿಳಿದದ್ದು ಎಲ್ಲರ ತಲೆಗಳೂ ಕೆಳಗೆ ಕಂಡಾಗ.

"ಆ ಒಬ್ರು ನಾನೇ," ಎಂದಳು.

ಯಾರೂ ನಗಲಿಲ್ಲ. ಅಧಿಕಾರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಕಿವಿ ಕೆಂಪಗಾಯಿತು. "ಅಮ್ಮಾ, ಅವರಿಗೂ ಹೇಳಿದ್ದೆ. ಒಬ್ಬರಿಗೋಸ್ಕರ ಅಂತ ಬರೆದ್ರೆ ಮೇಲಿನವರು..."

ಅವಳು ಬಗ್ಗಿ ಚೊಂಬು ಎತ್ತಿಕೊಂಡಳು. ತೇಲುತ್ತಿದ್ದ ಹತ್ತಿಯ ಎಳೆಯನ್ನು ಬೆರಳಿನಿಂದ ತೆಗೆದಳು. ತಲೆ ಹಿಂದಕ್ಕೆ ಚೆಲ್ಲಿ, ಎಲ್ಲರ ಎದುರಿಗೆ, ಗಟಗಟನೆ, ತಳ ಕಾಣುವವರೆಗೆ ಕುಡಿದಳು. ಬಾಯಿ ಒರೆಸಿಕೊಂಡು, "ಇನ್ನು ಹೊರಡೋಣ," ಎಂದಳು.

ನಾದಿನಿ ಒಂದು ಕ್ಷಣ ಖಾಲಿ ಚೊಂಬನ್ನೇ ನೋಡಿದಳು. ಒಳಗೆ ಹೋಗಿ ತುಂಬಿಸಿ ತಂದಳು. ತಾನು ಕುಡಿದು, ಬಳೆಯಂಗಡಿಯವಳ ಕೈಗೆ ಕೊಟ್ಟಳು. "ಕುಡಿಯೇ. ಇವತ್ತೂ ನಗ್ತೀಯಾ?" ಬಳೆಯಂಗಡಿಯವಳು ಕುಡಿದಳು. ಬಳೆಗಳು ಜಾರಿ ಮೊಣಕೈವರೆಗೆ ಬಂದವು. ಚೊಂಬು ಅಂಗಳದಲ್ಲಿ ಕೈಯಿಂದ ಕೈಗೆ ಹೋಯಿತು. ಖಾಲಿಯಾಗಿ ಒಳಗೆ ಹೋಯಿತು, ತುಂಬಿ ಹೊರಗೆ ಬಂತು. ಕುರ್ಚಿ ಬಿಡದ ಮುದುಕಿ ಕೂತೇ ಕುಡಿದಳು. ಗಂಡಸರು ಇದು ಶೋಕದ ಯಾವುದೋ ಕ್ರಮವಿರಬೇಕೆಂದು ತಲೆ ತಗ್ಗಿಸಿ ನಿಂತರು.

*

ಮೆರವಣಿಗೆ ನಿಧಾನ ಸಾಗಿತು. ಉದ್ದ ಆಳು, ಹೊರುವವರು ಹೆಜ್ಜೆಗೆ ಹೆಜ್ಜೆ ಕೂಡಿಸಬೇಕಿತ್ತು. ಬಿಸಿಲು ಹಾಲಿನಂತೆ ಮಂದವಾಗಿತ್ತು. ಎಲ್ಲರ ಬಟ್ಟೆಯಿಂದಲೂ ಹತ್ತಿಯ ಎಳೆಗಳು ಬಿಟ್ಟುಕೊಂಡು ಹಿಂದೆ ತೇಲುತ್ತಿದ್ದವು. ರಸ್ತೆ ಅದೊಂದೇ ಆದ್ದರಿಂದ ಅಧಿಕಾರಿಯ ಜೀಪೂ ಹಿಂದೆಯೇ, ಹೆಣದ ವೇಗದಲ್ಲಿ, ಅಧ್ಯಕ್ಷರನ್ನು ಕೂರಿಸಿಕೊಂಡು ಬರುತ್ತಿತ್ತು. ಸಹಿ ಇನ್ನೂ ಆಗಿರಲಿಲ್ಲ. ಕಮಾನಿನ ಜಾಗ ನೋಡಿ ಮಾಡುತ್ತೇನೆ ಎಂದಿದ್ದ.

ಸಂತೆಮಾಳ ಬಂತು. ಸಂತೆಯಿಲ್ಲದ ದಿನ ಅದು ಬರೀ ಬಯಲು. ಮೂಲೆಯಲ್ಲಿ ಕಮಾನಿನ ಗೂಟಗಳು, ಎದೆಯೆತ್ತರಕ್ಕೆ, ಹೊಸದಾಗಿ, ಗೂಟದಿಂದ ಗೂಟಕ್ಕೆ ಹುರಿ ಕಟ್ಟಿಸಿಕೊಂಡು ನಿಂತಿದ್ದವು.

"ನಿಲ್ಸಿ," ಎಂದಳು ಹೆಂಡತಿ.

ಹೊತ್ತವರು ನಿಂತರು. ಅವಳು ಮುಂದೆ ಬಂದು ಗಂಡನ ಮೈಮೇಲಿನ ಪಟ್ಟೆ ಬಟ್ಟೆಯ ಅಂಚು ಹಿಡಿದಳು.

"ಅತ್ತಿಗೆ!" ನಾದಿನಿಯ ದನಿ ಮೊದಲ ಬಾರಿಗೆ ಸಣ್ಣದಾಯಿತು.

"ಒಂದು ಗಳಿಗೆ ಕೊಡಿ ರೀ," ಎಂದಳು ಅವಳು, ಅವನಿಗೆ. ಬಟ್ಟೆ ಎಳೆದುಕೊಂಡಳು. ಬಿಳಿಯ ಬಟ್ಟೆಯಡಿ ಅವನು ಮಲಗಿಯೇ ಇದ್ದ.

ನಾದಿನಿ ಅವಳ ಮುಖ ನೋಡಿದಳು. ಆಮೇಲೆ ಬಟ್ಟೆಯ ಇನ್ನೊಂದು ತುದಿಗೆ ಕೈಹಾಕಿ, "ಬಿಡು, ಅಣ್ಣ ಯಾವತ್ತು ಬೇಡ ಅಂದಿದ್ದ," ಎಂದಳು. ಇಬ್ಬರೂ ಸೇರಿ ಥಾನನ್ನು ಹುರಿಯ ಮೇಲೆ ಹಾಯಿಸಿ ಗೂಟಗಳ ಸುತ್ತ ಬಿಗಿದರು. ಒಳಗಿನ ಗಂಟು, ಹೊರಗಿನ ಮಡಿಕೆ, ಎಲ್ಲ ಹಾಸಿಗೆ ಹೊಲಿಯುವ ಮನೆಯವರ ಕೈಚಳಕ.

ಹೆಂಡತಿ ಮೊದಲು ಒಳಗೆ ಹೋದಳು. ಹಿಂದೆ ಹೆಂಗಸರು ಒಬ್ಬರ ಬೆನ್ನಿಗೆ ಒಬ್ಬರು ನಿಂತರು. ಸಾಲು ಸಂತೆಮಾಳ ದಾಟಿ, ಜೀಪಿನ ಪಕ್ಕದಿಂದ ಹಾದು, ಹಿಂದಿನ ತಿರುವಿನಲ್ಲಿ ಮರೆಯಾಯಿತು. ಎಲ್ಲಿ ಮುಗಿಯಿತೋ ಕಾಣಲಿಲ್ಲ. ಅಧ್ಯಕ್ಷರು ಏನೋ ಹೇಳಲು ಬಾಯಿ ತೆರೆದರು. ಅಧಿಕಾರಿ ಇಂಜಿನ್ ಆರಿಸಲು ಹೇಳಿ, ಕೆಳಗಿಳಿದು, ಬೆನ್ನು ತಿರುಗಿಸಿ ದಿಬ್ಬ ನೋಡುತ್ತಾ ನಿಂತ. ಒಬ್ಬೊಬ್ಬರಾಗಿ ಗಂಡಸರೆಲ್ಲ ಅದೇ ದಿಬ್ಬ ನೋಡತೊಡಗಿದರು. ಪಬ್ಲಿಕ್ಕು ಮಾತ್ರ ನಾಲ್ಕು ಜನರ ಹೆಗಲ ಮೇಲೆ, ಆಕಾಶಕ್ಕೆ ಮುಖ ಮಾಡಿ, ಅವಸರವಿಲ್ಲದೆ ಕಾಯುತ್ತಿದ್ದ.

ಗಾಳಿ ಬಂತು. ಪಟ್ಟೆ ಬಟ್ಟೆ ಮೆಲ್ಲಗೆ ಉಬ್ಬಿತು, ಆಗಷ್ಟೇ ಯಾರೋ ಒಳಗೆ ಹತ್ತಿ ತುಂಬಿದಂತೆ.