ಉಪವಾಸದ ಮೀನು

ನ್ಯೆಪಿ ಎಂಬ ಮೌನದ ಹಬ್ಬದ ಹಿಂದಿನ ಸಂಜೆ ಊರಿಗೆ ಊರೇ ಡಬ್ಬ, ತಪ್ಪಲೆ, ಬಿದಿರು ಬಡಿದು ಭೂತಗಳನ್ನು ಓಡಿಸುತ್ತಿತ್ತು. ವಾರ್ಸಿಕಿ ಮಾತ್ರ ಮೀನುಮನೆಯ ಬಾಗಿಲಿಗೆ ಹಳೆಯ ಕಂಬಳಿ ಕಟ್ಟುತ್ತಿದ್ದಳು. ಸದ್ದಿಗೆ ಬೆದರಿದ ಮೀನು ಬಾಟಲಿಗೆ ಮೂತಿ ಗುದ್ದಿಕೊಳ್ಳುತ್ತದೆ. ಮೂತಿ ಒಡೆದ ಮೀನನ್ನು ಯಾರೂ ಕೊಳ್ಳುವುದಿಲ್ಲ.

ಆಗಲೇ ಫೋನು ಬಂತು. ಗಾಜಿನ ತೊಟ್ಟಿಯಲ್ಲಿ ಸಾಕುವ ಬಣ್ಣದ ಮೀನು ಕೊಳ್ಳಲು ಡೆನ್‌ಪಸಾರಿನಿಂದ ಬರುವ ಯುವೋನೊ.

"ಅಕ್ಕಾವ್ರೆ, ಹೋದ ಸಲ ಕೊಟ್ರಲ್ಲ ಆ ಜೋಡಿ ದೊರೆ ಮೀನು, ಎರಡೂ ಸತ್ವು. ಹೋಗೋವಾಗ ಮದುಮಕ್ಕಳ ಹಾಗಿದ್ವು. ಅಲ್ಲಿ ಹೋಗಿ ಏನೂ ತಿನ್ನಲಿಲ್ಲ, ಹೊಟ್ಟೆ ಒಳಗೆ ಹೋಯ್ತು, ಒಂದಿನ ಮಗುಚಿಕೊಂಡ್ವು. ಇದು ಯಾವ ಸಾವು ಅಂತ ನಿಮಗೆ ನಾನು ಹೇಳ್ಬೇಕಾ?"

"ನಮ್ಮೂರಲ್ಲಿ ಪೊಟಾಸು ಬಿಟ್ಟು ಎಷ್ಟು ಕಾಲ ಆಯ್ತು, ಸಾಹುಕಾರ್ರೆ."

"ನೀವು ಹಾಗಂತೀರಿ ಅಂತಲೇ ಇಷ್ಟು ದೂರ ಬರೋದು. ನಾಡಿದ್ದು ಬೆಳಿಗ್ಗೆ ಬರ್ತೀನಿ. ನಿಮ್ಮ ಬಾಯಲ್ಲಿ ಒಳ್ಳೇದು ಅಂತ ಬಂದ್ರೆ ಕಟ್ಟಿಸ್ಕೊಂಡು ಹೋಗ್ತೀನಿ. ಇನ್ನೊಂದು ಸಲ ಹೀಗಾದ್ರೆ ನಿಮ್ಮೂರಿನ ದಾರಿನೇ ಮರ್ತುಬಿಡ್ತೀನಿ, ಅಷ್ಟೆ."

ಅವಳು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

ಪೊಟಾಸು ಅಂದರೆ ವಿಷದ ಬಿಳಿ ಬಿಲ್ಲೆ. ಹಿಂದೆ ಈ ಕರಾವಳಿಯವರೆಲ್ಲ ಅದನ್ನು ನೀರಲ್ಲಿ ಕರಗಿಸಿ, ಹವಳದ ಬಿರುಕಿಗೆ ಪಿಚಕಾರಿ ಹೊಡೆದ ಹಾಗೆ ಹೊಡೆಯುತ್ತಿದ್ದರು. ಒಳಗಿನ ಮೀನು ಅಮಲೇರಿ ತೇಲಿ ಬರುತ್ತಿತ್ತು. ಬಿದ್ದ ಹಣ್ಣಿನ ಹಾಗೆ ಆರಿಸಿಕೊಳ್ಳುವುದು. ಮೀನು ಸಾಯುವುದಿಲ್ಲ, ಆಗಲೇ ಸಾಯುವುದಿಲ್ಲ. ಬಣ್ಣ ಇನ್ನೂ ಹೊಳೆಯುತ್ತದೆ. ಆದರೆ ಕರುಳು ಬೆಂದು ಹೋಗಿರುತ್ತದೆ. ಹವಳವಂತೂ ಸುಣ್ಣವಾಗುತ್ತದೆ. ಒಂದು ಕಾಲಕ್ಕೆ ಊರ ಮುಂದಿನ ಕಡಲ ತಳವೆಲ್ಲ ಸುಡುಗಾಡಿನ ಬೂದಿಯ ಹಾಗೆ ಬೆಳ್ಳಗಾಗಿತ್ತು. ಆಗ ಬಿಲ್ಲೆ ಎಸೆದು ಬಲೆ ಹಿಡಿದ ಮೊದಲ ಮನುಷ್ಯ ವಾರ್ಸಿಕಿಯ ಗಂಡ ಲಂದ್ರ. ಒಬ್ಬೊಬ್ಬರನ್ನೇ ನೀರಿಗೆ ಕರೆದುಕೊಂಡು ಹೋಗಿ, ಮೀನನ್ನು ಹೇಗೆ ಸುತ್ತುವರಿದು ಬಲೆಗೆ ಓಡಿಸಬೇಕು ಎಂದು ಕೈ ಹಿಡಿದು ಕಲಿಸಿದವನು. ಕಡಲ ಗುಡಿಯಲ್ಲಿ ಎಲ್ಲರೂ ಆಣೆ ಮಾಡಿದರು. ಆಣೆ ಮುರಿದವನು ನೀರೊಳಗೆ ಉಸಿರಾಡಲು ದೋಣಿಯಿಂದ ಗಾಳಿ ಎಳೆದುಕೊಳ್ಳುವ ರಬ್ಬರ್ ಕೊಳವೆಯನ್ನು ದೋಣಿಯ ಮೇಲೆಯೇ ಕತ್ತರಿಸುವುದು. ಆಮೇಲೆ ಅವನನ್ನು ಯಾರೂ ದೋಣಿಗೆ ಹತ್ತಿಸುವಂತಿಲ್ಲ. ವಾರ್ಸಿಕಿ ಒಳ್ಳೇದು ಅನ್ನದೆ ಒಂದು ಮೀನೂ ಊರು ಬಿಡುವಂತಿಲ್ಲ. ಹಾಗಂತ ಕಟ್ಟು ಮಾಡಿದವನೂ ಲಂದ್ರನೇ.

ತೊಟ್ಟಿಯಲ್ಲಿ ಆರು ದೊರೆ ಮೀನು. ನೀಲಿ ಮೈ, ಹಳದಿ ಗೆರೆ, ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿದ ಹಾಗೆ ಒಂದು ಪಟ್ಟಿ. ಒಟ್ಟಿಗೆ ಬಿಟ್ಟರೆ ಕಾದಾಡುತ್ತವೆ ಎಂದು ಒಂದೊಂದಕ್ಕೆ ಮೇಲ್ಭಾಗದಲ್ಲಿ ತೂತು ಕೊರೆದ ಒಂದೊಂದು ಬಾಟಲಿ. ಹಿಡಿದವರು ಯಾರು ಎಂದು ತಿಳಿಯಲು ಬಾಟಲಿಯ ಕೊರಳಿಗೆ ದಾರ. ಬಿಳಿ ದಾರದ ಎರಡು ಲಂದ್ರನವು. ಕೆಂಪು ದಾರದ ನಾಲ್ಕು ಅವಳ ತಮ್ಮ ಕೆರ್ತಿಯವು.

ಕೆರ್ತಿ ಒಮ್ಮೆ ಬಿಲ್ಲೆಯ ಸಮೇತ ಸಿಕ್ಕಿಬಿದ್ದವನು. ಆಗ ಮೊದಲ ತಪ್ಪೆಂದು ಊರಿಗೆ ಹಂದಿ ದಂಡ ಕೊಟ್ಟು ಕೊಳವೆ ಉಳಿಸಿಕೊಂಡಿದ್ದ. ಅವನು ಅದೇ ಸಂಜೆ, ಭೂತ ಓಡಿಸಲು ಬಳಿದುಕೊಂಡ ಮಸಿ ಇನ್ನೂ ಮುಖದಲ್ಲಿರುವಾಗಲೇ, ಕಂಬಳಿ ಸರಿಸಿ ಇಣುಕಿದ.

"ಏನಕ್ಕ, ನನ್ನ ಮೀನನ್ನ ಪೊಲೀಸಿನೋರ ಹಾಗೆ ನೋಡ್ತಿದೀಯ?"

"ಒಂದೇ ಮಧ್ಯಾಹ್ನ ನಾಲ್ಕು ಹಿಡ್ದೆಯಲ್ಲ. ನಿನ್ನ ಭಾವ ವಾರವೆಲ್ಲ ಮುಳುಗಿದ್ರೂ ಎರಡು."

"ಭಾವನಿಗೆ ವಯಸ್ಸಾಯ್ತು. ನನಗೆ ಈಗ ಬಲೆ ಕೈ ಕೂಡಿದೆ. ಕಲಿಸ್ದೋರು ಯಾರು ಮತ್ತೆ?" ಎಂದು ಅವನು ಲಂದ್ರನ ಕಡೆ ನೋಡಿ ನಕ್ಕ.

ಲಂದ್ರ ಮೂಲೆಯಲ್ಲಿ ಕೂತು ಎಡಗಿವಿ ಉಜ್ಜಿಕೊಳ್ಳುತ್ತಿದ್ದ. ನಗಲಿಲ್ಲ. ಕೆರ್ತಿ ಹೋದ ಮೇಲೆ, "ನಾಳೆ ನಾನು ಮೌನವ್ರತ ಹಿಡೀತೀನಿ," ಎಂದ.

"ನೀವಾ? ಹೋದ ವರ್ಷ ನ್ಯೆಪಿ ದಿನ ಗೋಡೆ ಆಚೆಯೋರ ಹತ್ರ ಕೋಳಿ ಅಂಕದ ಸುದ್ದಿ ಪಿಸುಗುಟ್ಟಿ ಕಾವಲಿನೋರಿಂದ ಬೈಸ್ಕೊಂಡೋರು."

ಅವನು ಅದಕ್ಕೂ ನಗಲಿಲ್ಲ.

ಬೆಳಗಾಯಿತು. ನ್ಯೆಪಿ. ಒಲೆ ಹೊತ್ತಿಸುವಂತಿಲ್ಲ, ದೀಪ ಹಚ್ಚುವಂತಿಲ್ಲ, ಹೊಸ್ತಿಲು ದಾಟುವಂತಿಲ್ಲ. ಬೀದಿಯಲ್ಲಿ ಕಾವಲಿನವರ ಬರಿಗಾಲಿನ ಹೆಜ್ಜೆ ಬಿಟ್ಟರೆ ನಾಯಿಯೂ ಬೊಗಳಲಿಲ್ಲ. ಬಟ್ಟೆಯಲ್ಲಿ ಸುತ್ತಿದ ಗಾಳಿ ಪಂಪು ತೊಟ್ಟಿಯ ಹಿಂದೆ ಹುಷಾರಿಲ್ಲದ ಮಗುವಿನ ಹಾಗೆ ಮೂಗಲ್ಲಿ ಉಸಿರಾಡುತ್ತಿತ್ತು.

ಮನೆಯವರಿಗೆ ಉಪವಾಸ, ಮೀನಿಗೂ ಉಪವಾಸ. ದೂರ ಹೋಗುವ ಮೀನಿಗೆ ಮೊದಲೇ ಅನ್ನ ನಿಲ್ಲಿಸಬೇಕು. ಹೊಟ್ಟೆ ತುಂಬಿದ ಮೀನು ಚೀಲದ ನೀರನ್ನು ಹೊಲಸು ಮಾಡಿ, ಆ ಹೊಲಸಲ್ಲೇ ಉಸಿರು ಕಟ್ಟಿ ಸಾಯುತ್ತದೆ. ಗಂಟು ಇದ್ದದ್ದೇ ಇಲ್ಲಿ. ಮೀನಿನ ಕರುಳು ನೆಟ್ಟಗಿದೆಯೇ ಎಂದು ತಿಳಿಯಬೇಕಾದರೆ ಅದು ತಿನ್ನುವುದನ್ನು ನೋಡಬೇಕು. ತಿಂದರೆ ನಾಳೆ ಕಳಿಸುವಂತಿಲ್ಲ. ತಿನ್ನಿಸದೆ ಕಳಿಸಿದರೆ ಅವಳ ಮಾತು ಬರೀ ಗಾಳಿ.

ಮಧ್ಯಾಹ್ನದವರೆಗೂ ವಾರ್ಸಿಕಿ ಬಾಟಲಿಗಳ ಮುಂದೆ ಕೂತಳು. ಕೆರ್ತಿಯ ಮೀನು ಒಂದು ಅಲುಗದೆ ನಿಂತಿದೆ ಅನ್ನಿಸಿತು. ಆಮೇಲೆ ಇಲ್ಲ, ಅಲುಗಿತು ಅನ್ನಿಸಿತು. ತಾಯಿ ಸಾಯುವಾಗ ಆ ಹುಡುಗನ ಕೈಯನ್ನು ಅವಳ ಕೈಯಲ್ಲಿ ಇಟ್ಟು ಹೋಗಿದ್ದಳು. ಅವನ ಕೊಳವೆ ಕತ್ತರಿಸಿದರೆ ಮೂರು ಮಕ್ಕಳ ಮನೆ ಉಪವಾಸ. ಕತ್ತರಿಸದಿದ್ದರೆ ಇಡೀ ಊರು.

ಕೊನೆಗೆ ಎದ್ದು ಸಿಗಡಿಯ ಡಬ್ಬ ತೆಗೆದು, ಮಣೆಯ ಮೇಲೆ ಸದ್ದಾಗದಂತೆ ಕೊಚ್ಚಿದಳು. ಬಾಟಲಿಯ ಮೇಲೆ ಕೈ ಚಾಚಿದ್ದಳು. ಲಂದ್ರ ಅವಳ ಮಣಿಕಟ್ಟು ಹಿಡಿದ.

ತಲೆ ಅಲ್ಲಾಡಿಸಿದ. ಬೇಡ.

"ನಾಳೆಗೆ ಹಾಳಾಗುತ್ತೆ, ನನಗೂ ಗೊತ್ತು," ಎಂದು ಅವಳು ಪಿಸುಗುಟ್ಟಿದಳು. "ಆದ್ರೆ ಅವನದ್ದು ಹೌದೋ ಅಲ್ಲವೋ ನೋಡ್ದೆ ನಾನು ಹ್ಯಾಗೆ ಬಾಯಿ ಬಿಡ್ಲಿ? ನೀವೇ ಹಾಕಿದ ಕಟ್ಟಲ್ವಾ ಇದು?"

ಹಿಡಿತ ಇನ್ನೂ ಬಿಗಿಯಾಯಿತು. ಅವನ ಅಂಗೈ ಬೆವೆತಿತ್ತು. ಆಮೇಲೆ ಕೈ ತಾನಾಗಿಯೇ ಸಡಿಲವಾಯಿತು.

ಅವಳು ಕೆಂಪು ದಾರದ ಬಾಟಲಿಗೆ ಒಂದು ಚಿಟಿಕೆ ಬಿಟ್ಟಳು. ಮೀನು ತಿರುಗಿ ನೋಡಿತು. ನುಂಗಿತು. ಇನ್ನೊಂದು ಚೂರು ಬೀಳುವ ಮೊದಲೇ ಮೇಲೆ ಬಂದು ಕಸಿದುಕೊಂಡಿತು. ಎರಡನೆಯದೂ ಹಾಗೇ. ಮೂರು, ನಾಲ್ಕು, ಎಲ್ಲವೂ ಮದುವೆ ಮನೆಯ ಮಕ್ಕಳ ಹಾಗೆ ತಿಂದವು. ಕೆರ್ತಿ ಬಲೆಯಲ್ಲೇ ಹಿಡಿದಿದ್ದ. ಸುಮ್ಮನೆ ಅನುಮಾನಪಟ್ಟು ಅವನ ದುಡಿಮೆಯನ್ನು ಅವಳೇ ಕೆಡಿಸಿದ್ದಳು.

ಡಬ್ಬ ಮುಚ್ಚಲು ಹೋದವಳು ನಿಂತಳು. ಒಂದೇ ಪಂಕ್ತಿಯಲ್ಲಿ ಕೂರಿಸಿ ಇಬ್ಬರಿಗೆ ಬಡಿಸದೆ ಎದ್ದ ಹಾಗಾಗುತ್ತದೆ ಎಂದು, ಬೇರೇನೂ ಯೋಚಿಸದೆ, ಬಿಳಿ ದಾರದವಕ್ಕೂ ಬಿಟ್ಟಳು.

ಮೀನು ಬಾಯಿಗೆ ತೆಗೆದುಕೊಂಡಿತು. ಉಗುಳಿತು. ಮತ್ತೆ ತೆಗೆದುಕೊಂಡಿತು, ಮತ್ತೆ ಉಗುಳಿತು. ಪಕ್ಕದ್ದೂ ಹಾಗೆಯೇ. ಚೂರು ಬಾಟಲಿಯ ತಳಕ್ಕೆ ಇಳಿದು ಕೂತಿತು.

ಅವಳು ತಿರುಗಿದಾಗ ಲಂದ್ರ ಗೋಡೆಗೆ ಒರಗಿ ನೆಲ ನೋಡುತ್ತಿದ್ದ, ಕೈ ಎಡಗಿವಿಯ ಮೇಲೆ. ಈ ವರ್ಷ ಮೌನ ಯಾಕೆ ಎಂದು ಅವಳಿಗೆ ಆಗ ತಿಳಿಯಿತು.

ಬೀದಿಯಲ್ಲಿ ಕಾವಲಿನವರು ಹಾದುಹೋದರು. ಬಾಯಿ ಬಿಟ್ಟು ಬೈಯುವಂತಿಲ್ಲ, ಅಳುವಂತಿಲ್ಲ, ಎದ್ದು ತವರಿಗೆ ಹೋಗುವಂತಿಲ್ಲ. ಗೋಡೆಯಾಚೆಯೇ ತಮ್ಮ; ಅವನನ್ನು ಕೂಗುವಂತಿಲ್ಲ. ಉಸಿರಾಡುವ ಸದ್ದು ಕೇಳುವಷ್ಟು ಹತ್ತಿರದಲ್ಲಿ ಇಬ್ಬರೂ ಸಂಜೆಯವರೆಗೆ ಕೂತರು. ಕತ್ತಲು ಇಳಿದ ಮೇಲೆ ಅವಳು, "ಹೋದ ಸಲದ್ದೂ ನೀವೇನಾ? ತಲೆಯಾದ್ರೂ ಆಡ್ಸಿ," ಎಂದಳು. ಅವನು ಆಡಿಸಿದನೋ ಇಲ್ಲವೋ, ದೀಪವಿಲ್ಲದ ಮನೆಯಲ್ಲಿ ಅವಳಿಗೆ ಕಾಣಲಿಲ್ಲ.

ಮರುದಿನ ಊರು ಒಲೆ ಹೊತ್ತಿಸಿತು. ಅವತ್ತು ಒಬ್ಬರ ಮನೆಗೆ ಒಬ್ಬರು ಹೋಗಿ ತಪ್ಪು ಒಪ್ಪು ಹೇಳಿಕೊಳ್ಳುವ ದಿನ. ಕೆರ್ತಿ ಮಡಿ ಪಂಚೆ ಉಟ್ಟು ಬಂದು ಕೈ ಮುಗಿದ.

"ಏನಾದ್ರೂ ತಪ್ಪಾಗಿದ್ರೆ ಹೊಟ್ಟೇಲಿ ಹಾಕ್ಕೋ ಅಕ್ಕ."

"ನೀನೇ ನನ್ನನ್ನ ಕ್ಷಮಿಸ್ಬೇಕು. ನಿನ್ನ ಮೀನಿಗೆ ತಿನ್ನಿಸ್ಬಿಟ್ಟೆ."

ಅವನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಲಗೈ ಮುಂದೆ ಚಾಚಿದ. ಹೆಬ್ಬೆರಳ ಬುಡ ಬಲೆಯ ದಾರಕ್ಕೆ ಸೀಳಿತ್ತು. "ಇದನ್ನ ಕೇಳಿದ್ರೆ ಸಾಕಾಗಿತ್ತಲ್ಲಕ್ಕ, ಮೀನನ್ನ ಯಾಕೆ ಕೇಳ್ದೆ?"

ಅಷ್ಟರಲ್ಲಿ ಯುವೋನೊನ ವಾಹನ ಬಾಗಿಲಿಗೆ ಬಂತು. ಅವನು ನೇರ ತೊಟ್ಟಿಗೆ ಹೋಗಿ ಬಾಟಲಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದ.

"ಈ ನಾಲ್ಕಕ್ಕೆ ತಿನ್ಸಿದೀರಲ್ಲ. ತಳದಲ್ಲಿ ಗಲೀಜು ನೋಡಿ. ಇವತ್ತು ಒಯ್ಯೋಕಾಗಲ್ಲ." ಬಿಳಿ ದಾರದವನ್ನು ಎತ್ತಿದ. ಅವು ಉಗುಳಿದ ಚೂರನ್ನು ವಾರ್ಸಿಕಿ ಎಂದಿನ ಅಭ್ಯಾಸದಂತೆ ಬೆಳಿಗ್ಗೆಯೇ ಹೀರಿ ತೆಗೆದಿದ್ದಳು. ನೀರು ಕನ್ನಡಿಯ ಹಾಗಿತ್ತು. "ಆಹಾ, ಇವು ನೋಡಿ. ಎಂಥ ಬಣ್ಣ. ಇವನ್ನ ಕಟ್ಟಿ. ಏನಂತೀರಿ, ಒಳ್ಳೇದು ತಾನೇ?"

ಒಂದೇ ಒಂದು ಮಾತು. ಹೂಂ ಅಂದರೆ ಸಾಕು. ಹೂಂ ಅನ್ನದಿದ್ದರೆ ಇಪ್ಪತ್ತು ಮನೆಯವರಿಗೆ ಬಲೆ ಕಲಿಸಿದವನು ದಡದಲ್ಲಿ ಕೂರಬೇಕು. ವಾರ್ಸಿಕಿ ಗಂಡನ ಕಡೆ ನೋಡಲಿಲ್ಲ. ನೋಡಿದರೆ ತನ್ನ ಬಾಯಿ ತನ್ನದಾಗಿ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಒಳ್ಳೇದಲ್ಲ," ಎಂದಳು. "ಪೊಟಾಸಿನದು."

ಯುವೋನೊ ಬಾಟಲಿ ಕೆಳಗಿಟ್ಟ. ಅವನ ಕಣ್ಣು ಸೀದಾ ಕೆರ್ತಿಯ ಮೇಲೆ ಹೋಯಿತು. "ನಾಯಿ ಬಾಲ ಅಂತಾರಲ್ಲ, ಹಾಗಾಯ್ತು. ಒಂದು ಹಂದಿ ಸಾಲಲಿಲ್ಲ ಅನ್ನು."

ಕೆರ್ತಿ ಬಿಳಿ ದಾರ ನೋಡಿದ. ಭಾವನನ್ನು ನೋಡಿದ. ತುಟಿ ಬಿಗಿದುಕೊಂಡು ತಲೆ ತಗ್ಗಿಸಿದ. ತನ್ನದಲ್ಲ ಎನ್ನಲಿಲ್ಲ.

"ಅವನನ್ನ ಬಿಡಿ," ಎಂದ ಲಂದ್ರ. ಒಂದು ಹಗಲು ಒಂದು ರಾತ್ರಿ ಆಡದ ಗಂಟಲು ತುಕ್ಕು ಹಿಡಿದ ಬಾಗಿಲಿನಂತೆ ಕಿರುಗುಟ್ಟಿತು. "ನನ್ನವು. ಹೋದ ಸಲದ್ದೂ ನನ್ನವೇ. ಕಿವಿ ತಮಟೆ ಹರಿದಿದೆ, ಆಳಕ್ಕೆ ಇಳಿಯೋಕಾಗಲ್ಲ. ಬಲೆ ಕಲಿಸ್ದೋನ ಬಲೆ ಖಾಲಿ ಅಂತ ಇವ್ರೆಲ್ಲ ನಗ್ತಾರೆ ಅಂದ್ಕೊಂಡೆ."

"ನಾವು ನಗ್ತಿದ್ವಾ ಭಾವ?" ಎಂದ ಕೆರ್ತಿ. ಅಷ್ಟೇ ಕೇಳಿದ.

ಯುವೋನೊ ಬಿಳಿ ದಾರದ ಬಾಟಲಿಗಳನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, ಊರವರು ಮಾರಲೆಂದು ಕಡಲ ತಳದ ಚಪ್ಪರದಲ್ಲಿ ಬೆಳೆಸಿದ ಹವಳದ ಸಸಿಗಳನ್ನಷ್ಟೇ ವಾಹನಕ್ಕೆ ತುಂಬಿಸಿಕೊಂಡ. "ಆ ನಾಲ್ಕರ ಹೊಟ್ಟೆ ಖಾಲಿ ಆದ್ಮೇಲೆ ಫೋನು ಮಾಡಿ ಅಕ್ಕಾವ್ರೆ," ಎಂದು ಹೇಳಿ ಹೋದ.

ದೋಣಿಯ ಮೇಲೆ ಲಂದ್ರನ ಕೊಳವೆ ಕತ್ತರಿಸಲು ಊರವರು ಕತ್ತಿಯನ್ನು ಕೆರ್ತಿಯ ಕೈಗೆ ಕೊಟ್ಟರು. ಅವನ ಕೈ ಏಳಲಿಲ್ಲ. ಲಂದ್ರ ಕತ್ತಿ ತೆಗೆದುಕೊಂಡು ತಾನೇ ಕತ್ತರಿಸಿ, ತುಂಡನ್ನು ಸುತ್ತಿ ಭುಜಕ್ಕೆ ಹಾಕಿಕೊಂಡು ಮನೆಗೆ ಬಂದ.

ಬಿಳಿ ದಾರದ ಮೀನು ಕೂಡಲೇ ಸಾಯಲಿಲ್ಲ. ಬಣ್ಣವೂ ಮಾಸಲಿಲ್ಲ. ವಾರ್ಸಿಕಿ ದಿನಾ ಬೆಳಿಗ್ಗೆ ಸಿಗಡಿ ಕೊಚ್ಚಿ ಬಿಡುತ್ತಿದ್ದಳು. ಲಂದ್ರ ಮೀನುಮನೆಯ ಒಳಗೆ ಬರುತ್ತಿರಲಿಲ್ಲ, ಕಂಬಳಿಯ ಆಚೆಗೆ ನಿಂತು ಕೇಳುತ್ತಿದ್ದ.

"ತಿಂದ್ವಾ?"

"ಬಾಯಿಗೆ ತಗೊಂಡ್ವು."

"ಆಮೇಲೆ?"

ಅವಳು ತಳಕ್ಕೆ ಇಳಿದ ಚೂರನ್ನು ಹೀರಿ ತೆಗೆದು ಡಬ್ಬ ಮುಚ್ಚುವ ಸದ್ದು ಅವನಿಗೆ ಕೇಳಿಸುತ್ತಿತ್ತು.