ದೊಡ್ಡಮ್ಮ ಹೊಯ್ದ ಕುದಿನೀರು

ಹಾಸ್ಟೆಲ್ಲಿನ ಅಡುಗೆಮನೆಯ ಹಿಂದೆ ಒಂದು ಗುಂಡಿ. ಇನ್ನೂರು ಜನ ಉಂಡು ಬಿಟ್ಟದ್ದು, ತರಕಾರಿ ಸಿಪ್ಪೆ, ಎಲ್ಲ ಬೀಳುತ್ತಿದ್ದುದು ಅಲ್ಲಿಗೇ. ಅದರಿಂದ ಹತ್ತೇ ಹೆಜ್ಜೆಗೆ ಅಡುಗೆಯವಳ ಮನೆ. ಅವಳನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು. ಆ ಮನೆಯಲ್ಲಿ ಊಟಕ್ಕೆ ಕೂತರೆ ಒಂದು ಕೈ ತುತ್ತಿಗೆ, ಇನ್ನೊಂದು ಕೈ ನೊಣ ಓಡಿಸುವುದಕ್ಕೆ.

ಅವಳ ಎರಡು ವರ್ಷದ ಮೊಮ್ಮಗಳಿಗೆ ಆ ವರ್ಷ ಎರಡು ಸಲ ವಾಂತಿಭೇದಿ ಆಯಿತು. ಎರಡನೇ ಸಲ ಆಸ್ಪತ್ರೆಯಿಂದ ಬಂದಾಗ ಮಗು ಸೊರಗಿ ಕಡ್ಡಿಯಾಗಿತ್ತು. ನೊಣ ಊಟದ ಮೇಲೆ ಕೂರುವುದನ್ನು ಮೊದಲು ನಿಲ್ಲಿಸಬೇಕು, ಇನ್ನೊಂದು ಸಲ ತಡೆದುಕೊಳ್ಳುವ ಶಕ್ತಿ ಮಗುವಿಗಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಆಗ ಹಾಸ್ಟೆಲ್ಲಿನವರು ಕರೆಸಿದ್ದರಿಂದ ಬಂದವಳು ಹುಳದಕ್ಕ. ಕಸದ ಘಟಕದಲ್ಲಿ ಹುಳ ಸಾಕುವುದೇ ಅವಳ ಕೆಲಸ, ಅದಕ್ಕೇ ಆ ಹೆಸರು. ಗುಂಡಿ ಮುಚ್ಚಿಸಿ, ಮುಚ್ಚಳವಿರುವ ದೊಡ್ಡ ಡ್ರಮ್ಮೊಂದನ್ನು ಇಟ್ಟು, ಊಟದ ಕಸ ಇದಕ್ಕೇ ಹಾಕಬೇಕು, ಒಳಗಿರುವ ಹುಳ ತಿಂದು ಮುಗಿಸುತ್ತದೆ ಎಂದು ವಿವರಿಸಿದಳು. ದೊಡ್ಡಮ್ಮ ಒಲೆಯ ಕಡೆ ಕಣ್ಣಿಟ್ಟು ಹೂಂಗುಟ್ಟಿದಳು. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟದ್ದಷ್ಟೇ.

ನಾಲ್ಕನೇ ದಿನ ಮುಚ್ಚಳ ತೆಗೆದು ನೋಡುತ್ತಾಳೆ, ಮಿಜಿಮಿಜಿ ಅನ್ನುವ ಹುಳ. ಮೈ ಜುಮ್ಮೆಂದಿತು. ಮೂವತ್ತು ವರ್ಷ ಅಡುಗೆಮನೆ ಆಳಿದವಳು, ಹುಳ ಕಂಡಲ್ಲಿ ಕುದಿನೀರು ಹೊಯ್ಯುವುದೇ ಅವಳು ಕಲಿತ ಶುಚಿ. ಎರಡು ಹಂಡೆ ಹೊಯ್ದು, ಪೀಡೆ ತೊಲಗಿತು ಎಂದುಕೊಂಡಳು. ಹುಳ ಸತ್ತವು. ಕಸ ಹಾಗೇ ಉಳಿದು ಕೊಳೆಯಿತು. ನಾತ ತಡೆಯಲಾರದೆ ಅವಳೇ ಮುಚ್ಚಳ ಓರೆ ಮಾಡಿಟ್ಟಳು, ನೊಣ ಮುತ್ತಿತು. ವಾರ ತುಂಬುವ ಮೊದಲೇ ಮಗು ಮತ್ತೆ ವಾಂತಿಭೇದಿಯಾಗಿ ಆಸ್ಪತ್ರೆ ಸೇರಿತು.

ವಿಷಯ ತಿಳಿದು ಹುಳದಕ್ಕ ಆಸ್ಪತ್ರೆಗೆ ಓಡಿಬಂದಳು. ಮಗುವಿನ ಪುಟ್ಟ ಕೈಗೆ ಚುಚ್ಚಿದ ಡ್ರಿಪ್ಪನ್ನೇ ನೋಡುತ್ತ ಕೂತಿದ್ದಳು ದೊಡ್ಡಮ್ಮ.

"ನಾನೇ ಕಣೇ ನಿನ್ನ ಹುಳಾನ ಕೊಂದಿದ್ದು. ಅಡುಗೆಮನೆ ಹತ್ರ ಹುಳ ಕಂಡ್ರೆ ಸುಮ್ನೆ ಇರೋಕಾಗುತ್ತಾ?"

ಹುಳದಕ್ಕ ಬಯ್ಯಲಿಲ್ಲ. "ರೋಗ ಹರಡೋದು ಮನೆ ನೊಣ, ದೊಡ್ಡಮ್ಮ. ಈ ಹುಳ ಬೇರೆ ಜಾತಿ ನೊಣದ ಮರಿ. ಕಪ್ಪು ಸೈನಿಕ ನೊಣ ಅಂತಾರೆ. ರೆಕ್ಕೆ ಬಂದ್ಮೇಲೆ ಇದು ನಮ್ಮ ಊಟಕ್ಕೆ ಬಾಯಿ ಹಾಕಲ್ಲ. ತಿನ್ನೋದೆಲ್ಲ ಮರಿ ಹುಳ ಆಗಿದ್ದಾಗ್ಲೇ. ಕಸ ಕೊಳೆಯೋಕೆ ಮುಂಚೆ ಮುಗಿಸಿಬಿಡುತ್ತೆ."

"ತಿಂದು ಏನಾಗುತ್ತೆ?"

"ಕೊಬ್ಬುತ್ತೆ. ಎರಡು ವಾರಕ್ಕೆ ತಗೊಂಡು ಹೋಗಿ, ಒಣಗಿಸಿ, ಹಿಂಡಿ ಎಣ್ಣೆ ತೆಗೀತೀವಿ. ಆ ಎಣ್ಣೆನ ಹದ ಮಾಡಿದ್ರೆ ಡೀಸೆಲ್ ಥರದ ಇಂಧನ. ನಮ್ಮ ಕಸದ ಗಾಡಿ ಓಡೋದು ಅದ್ರಲ್ಲೇ. ಡ್ರಮ್ಮಲ್ಲಿ ಉಳಿದಿದ್ದು ಗೊಬ್ಬರ."

ದೊಡ್ಡಮ್ಮ ಸೆರಗಿನಿಂದ ಮಗುವಿನ ಹಣೆ ಒರೆಸಿದಳು.

ಮಗು ಬದುಕಿತು. ಆರನೇ ದಿನ ಎದ್ದು ಕೂತು, ಅಜ್ಜಿಯ ಬೆರಳು ಹಿಡಿದು, ನೀರು ಬೇಕು ಎಂದಿತು. ಅದನ್ನು ಮನೆಗೆ ತಂದು ಮಲಗಿಸಿ ದೊಡ್ಡಮ್ಮ ಹೋದದ್ದು ನೇರ ಕಸದ ಘಟಕಕ್ಕೆ. ಹೊಸ ಮರಿಗಳನ್ನು ತಂದು, ಡ್ರಮ್ಮನ್ನು ತಾನೇ ತಿಕ್ಕಿ ತೊಳೆದು, ತನ್ನ ಕೈಯಿಂದಲೇ ಬಿಟ್ಟಳು. ಅಡುಗೆಮನೆಯ ಉಳಿದವರನ್ನೆಲ್ಲ ಕರೆದು, ಇವಕ್ಕೆ ತೊಂದರೆ ಕೊಟ್ಟವರಿಗೆ ನನ್ನ ಕೈ ಊಟ ಇಲ್ಲ ಎಂದು ಕಟ್ಟುನಿಟ್ಟಾಗಿ ಹೇಳಿದಳು.

ಇದನ್ನು ಓದಿದವರೇ, ಕೇಳಿದವರೇ, ನಿಮ್ಮ ಮನೆ, ಹೋಟೆಲು, ಶಾಲೆಯ ಹಿಂದೆಯೂ ಇಂಥ ಗುಂಡಿ ಇರಬಹುದು. ಊಟದ ಕಸ ಬೇರೆ ಇಡಿ. ಅದಕ್ಕೆ ಪ್ಲಾಸ್ಟಿಕ್, ಗಾಜು, ಬ್ಲೀಚಿಂಗ್ ಪುಡಿ ಸೇರಿಸಬೇಡಿ. ಹತ್ತಿರದಲ್ಲಿ ಹುಳದ ಘಟಕ ಇದೆಯೇ ವಿಚಾರಿಸಿ, ಇಲ್ಲದಿದ್ದರೆ ನಾಲ್ಕು ಮನೆಯವರು ಕೂಡಿ ಪಂಚಾಯಿತಿಗೋ ನಗರಸಭೆಗೋ ಹೋಗಿ ಬೇಕೆಂದು ಕೇಳಿ. ಹುಳ ಎಂದರೆ ಹೇಸಿಗೆ ಆಗುತ್ತದೆ, ನಿಜ. ದೊಡ್ಡಮ್ಮನಿಗೂ ಆಗಿತ್ತು. ಅವಳ ಹೇಸಿಗೆಗೆ ನರಳಿದ್ದು ಏನೂ ಅರಿಯದ ಕೂಸು. ನಿಮ್ಮ ಮನೆಯ ಕೂಸಿಗೆ ಆ ಪಾಡು ಬಾರದಂತೆ ನೋಡಿಕೊಳ್ಳಿ.